ಸುಳಿವು ಸಿಕ್ಕರೆ ತಿಳಿಸಿ

ಶಾಲೆಯ ಹಳೆ ವಿದ್ಯಾರ್ಥಿಗಳ ಪತ್ರಿಕೆಯ ಕೊನೆಯ ಪುಟದಲ್ಲಿ, 'ಕಳೆದುಹೋದವರು' ಎಂಬ ತಲೆಬರಹದ ಕೆಳಗೆ ಲಿಯೊಕೇಡಿಯಾ ತನ್ನ ಹೆಸರನ್ನು ಓದಿದಳು. ಲಿಯೊಕೇಡಿಯಾ ಬನಾಸ್, 1964ರ ತರಗತಿ. ಸುಳಿವು ಸಿಕ್ಕರೆ ದಯವಿಟ್ಟು ತಿಳಿಸಿ. ತಲೆಯೆತ್ತಿದರೆ ಅಡುಗೆಮನೆಯ ಕಿಟಕಿಯಲ್ಲಿ ಶಾಲೆಯ ಶಿಲುಬೆ ಕಾಣುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದು ಐವತ್ತಾರು ವರ್ಷ. ಅಂದಿನಿಂದಲೂ ಅದೇ ಕಿಟಕಿ, ಅದೇ ಶಿಲುಬೆ.

ಅವಳು ಹುಡುಕಿದ್ದು ಆ ಪುಟವನ್ನಲ್ಲ. ತನ್ನ ತರಗತಿಯವರ ಸುದ್ದಿಗಳನ್ನು. ಐರಿನ್‌ಗೆ ಹದಿನಾಲ್ಕನೆಯ ಮೊಮ್ಮಗು. ಸಿಸ್ಟರ್ ಬ್ಲಾಂಚ್ ಮಠ ಸೇರಿ ಅರವತ್ತು ವರ್ಷ. ಯಾರದೋ ಗಂಡನಿಗೆ ಗಾಲ್ಫ್ ಕಪ್ಪು. ತನ್ನ ಸುದ್ದಿ ಮಾತ್ರ ಇಲ್ಲ. ಬೇಸಿಗೆಯಲ್ಲೇ ಕಾರ್ಡು ಬರೆದು ಕಳಿಸಿದ್ದಳು: 'ಲಿಯೊಕೇಡಿಯಾ ಬನಾಸ್, ಎಪ್ಪತ್ತೇಳನೆಯ ವಯಸ್ಸಿನಲ್ಲಿ ಬಿ.ಎ. ಮುಗಿಸಿದಳು. ವಿಷಯ, ಲ್ಯಾಟಿನ್.' ಇಷ್ಟು ಬರೆಯುವುದಕ್ಕೆ ಮೂರು ಸಲ ಹರಿದು ಹಾಕಿದ್ದಳು. ತವರಿನ ಹೆಸರನ್ನು ಬರೆದದ್ದು ಬೇಕೆಂದೇ. ಶಾಲೆಯಲ್ಲಿ ಲ್ಯಾಟಿನ್ ಪದಕ ಗೆದ್ದದ್ದು ಆ ಹೆಸರಿನ ಹುಡುಗಿ. ಕಾಲೇಜನ್ನು ಒಂದೇ ವರ್ಷಕ್ಕೆ ಬಿಟ್ಟವಳೂ ಅವಳೇ. ಮುಗಿಸಿದವಳೂ ಅವಳೇ ಆಗಬೇಕಿತ್ತು.

ಲಿಯೊಕೇಡಿಯಾ ಕೋಟು ಹಾಕಿಕೊಂಡು ಸೀದಾ ಶಾಲೆಯ ಕಚೇರಿಗೆ ನಡೆದಳು. ಪತ್ರಿಕೆ ನೋಡಿಕೊಳ್ಳುವ ಮೇಗನ್ ಕಂಪ್ಯೂಟರಿನ ಮುಂದಿದ್ದಳು.

"ನಾನು ಕಳೆದುಹೋಗಿದ್ದೀನಂತೆ. ಬಂದಿದ್ದೀನಿ, ನೋಡು."

"ಅಯ್ಯೋ ಮಿಸೆಸ್ ಪಾವ್ಲಾಕ್, ನೀವು ಕಳೆದುಹೋದ್ರೆ ನಮ್ಮ ಗತಿಯೇನು? ಮಾಂಸ ಬಿಟ್ಟು, ನಿಮ್ಮ ಕೈಯ ಮೀನೂ ತಿನ್ನದೆ ತಪಸ್ಸುಕಾಲ ಕಳೆಯೋದು ಹೇಗೆ?"

ಲಿಯೊಕೇಡಿಯಾ ನಗಲಿಲ್ಲ. ಪುಟ ತೆಗೆದು ಹೆಸರಿನ ಮೇಲೆ ಬೆರಳಿಟ್ಟಳು. "ಇದು ನಾನೇ."

ಮೇಗನ್ ಏನೇನೋ ಒತ್ತಿ ನೋಡಿದಳು. "ಬನಾಸ್ ಅನ್ನೋರ ವಿಳಾಸ ನಮ್ಮಲ್ಲಿಲ್ಲ. ನಿಮ್ಮ ಮನೆ ನಂಬರಿಗೆ ರೇಮಂಡ್ ಪಾವ್ಲಾಕ್ ಅಂತ ಬರ್ತಿದೆ. ನಮ್ಮ ಗಂಡುಹುಡುಗರ ಶಾಲೆ, 1962. ಅಗ್ನಿಶಾಮಕ ದಳದ ಕ್ಯಾಪ್ಟನ್. ಶೌರ್ಯಪದಕ. ಮದುವೆಯ ಇಪ್ಪತ್ತೈದನೇ ವರ್ಷ, ಐವತ್ತನೇ ವರ್ಷ, ಆಮೇಲೆ ನಿಧನದ ಸುದ್ದಿ. ಎಲ್ಲಾ ಹಾಕಿದ್ದೀವಿ."

"ನಾನೆಲ್ಲಿದ್ದೀನಿ?"

"ಪತ್ನಿ ಅಂತ ಇದೆಯಲ್ಲ."

"ಐವತ್ತು ವರ್ಷ ಅವರೊಬ್ಬರೇ ಮದುವೆಯಾಗಿದ್ರಾ?"

ಮೇಗನ್ ಕಿಸಕ್ಕನೆ ನಕ್ಕಳು. "ಕಾರ್ಡೇನೋ ಬಂದಿತ್ತು. ನೀವು ಯಾರೋ ಗೆಳತಿ ವಿಷಯ ಬರೆದಿದ್ದೀರಿ ಅಂದ್ಕೊಂಡೆ. ಆ ಗೆಳತಿ ಎಲ್ಲೂ ಸಿಗಲಿಲ್ಲ. ಪಾಪ, ಹುಡುಕೋಣ ಅಂತ ಪಟ್ಟಿಗೆ ಸೇರಿಸಿದ್ವಿ."

"ಕಾರ್ಡಿನ ಮೂಲೇಲಿ ನನ್ನ ವಿಳಾಸ ಇತ್ತಲ್ಲೇ, ಮಗಳೇ."

"ಅದು ಮಿಸೆಸ್ ಪಾವ್ಲಾಕ್ ವಿಳಾಸ ಅಲ್ವಾ?"

ವಾಕ್ಯದಲ್ಲಿ ಮೊದಲು ಕರ್ತೃ ಯಾರೆಂದು ಹುಡುಕಿ ಎಂದು ಲ್ಯಾಟಿನ್ ಕಲಿಸುತ್ತಿದ್ದ ಸಿಸ್ಟರ್ ಇದೇ ಕಟ್ಟಡದಲ್ಲಿ ನಿಂತು ಹೇಳುತ್ತಿದ್ದರು. ಇಷ್ಟು ವರ್ಷ ತಾನು ಷಷ್ಠೀ ವಿಭಕ್ತಿಯಲ್ಲೇ ಬದುಕಿದ್ದೇನೆ ಎಂದು ಲಿಯೊಕೇಡಿಯಾಗೆ ಈಗ ಹೊಳೆಯಿತು: ರೇಮಂಡನ. ರೇಮಂಡನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವನು ಅವಳನ್ನು ಬಾಯ್ತುಂಬ 'ಲಿಯೊಕೇಡಿಯಾ' ಎಂದೇ ಕರೆಯುತ್ತಿದ್ದ. ಅವನು ಹೋದ ಮೇಲೆ ಆ ಹೆಸರನ್ನು ಗಟ್ಟಿಯಾಗಿ ಕೂಗುವ ಬಾಯಿ ಊರಲ್ಲಿ ಒಂದೂ ಉಳಿದಿರಲಿಲ್ಲ. ಆಮೇಲೆ ಅದನ್ನು ಕೂಗಿದ್ದು ಒಂದೇ ಸಲ, ಘಟಿಕೋತ್ಸವದ ದಿನ ವೇದಿಕೆಯಿಂದ, ಯಾರೋ ಅಪರಿಚಿತ.

ಮೇಗನ್ ಕೊಟ್ಟ ಹಾಳೆಯ ಮೇಲೆ ಅದೇ ಸಾಲನ್ನು ಮತ್ತೆ ದಪ್ಪ ಅಕ್ಷರದಲ್ಲಿ ಬರೆದಳು. "ಮುಂದಿನ ಸಂಚಿಕೇಲಿ ಸರಿ ಮಾಡ್ತೀನಿ," ಎಂದಳು ಮೇಗನ್. "ಆಣೆಗೂ."

ಮುಂದಿನ ಸಂಚಿಕೆ ಬಂದದ್ದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ಶುಕ್ರವಾರ. ಲಿಯೊಕೇಡಿಯಾ ಬಾಗಿಲಲ್ಲೇ ನಿಂತು ಬಿಡಿಸಿದಳು. ಈ ಸಲ ತಲೆಬರಹ 'ಸಿಕ್ಕಿದವರು'. ಕೆಳಗೆ: 'ಮಿಸೆಸ್ ರೇಮಂಡ್ ಪಾವ್ಲಾಕ್ ಪತ್ತೆಯಾಗಿದ್ದಾರೆಂದು ತಿಳಿಸಲು ಸಂತೋಷವಾಗುತ್ತದೆ. ಇವರು ದಿವಂಗತ ಕ್ಯಾಪ್ಟನ್ ಪಾವ್ಲಾಕ್ ಅವರ ಪತ್ನಿ. ಹವ್ಯಾಸ, ಲ್ಯಾಟಿನ್.'

ಪತ್ರಿಕೆಯನ್ನು ಮಡಿಸಿ ಏಪ್ರನ್ನಿನ ಜೇಬಿಗೆ ತುರುಕಿಕೊಂಡು ಅವಳು ಶಾಲೆಯ ನೆಲಮಾಳಿಗೆಗೆ ಹೋದಳು. ಮೂವತ್ತೆಂಟು ವರ್ಷದಿಂದ ತಪಸ್ಸುಕಾಲದ ಪ್ರತಿ ಶುಕ್ರವಾರ ಊರಿಗೆಲ್ಲ ಮೀನು ಕರಿದು ಬಡಿಸುತ್ತ ಬಂದ ಜಾಗ. ಹಿಟ್ಟು ಕಲಸಿದಳು, ಎಣ್ಣೆ ಕಾಯಿಸಿದಳು. ಐದು ಗಂಟೆಗೆ ಬಡಿಸುವ ಕಿಟಕಿ ತೆರೆಯುವಷ್ಟರಲ್ಲಿ ಸಾಲು ಮೆಟ್ಟಿಲು ದಾಟಿತ್ತು. ಎಲ್ಲರಿಗಿಂತ ಮುಂದೆ, ಎಂದಿನಂತೆ, ಹತ್ತೊಂಬತ್ತು ವರ್ಷದಿಂದ ಪ್ರಾಂಶುಪಾಲರಾಗಿರುವ ಫಾದರ್ ಡೆನಿಸ್.

"ಮಿಸೆಸ್ ರೇಮಂಡ್, ನಂಗೆ ಎರಡು ತುಂಡು. ಗರಿಗರಿಯಾಗಿರೋದೇ ನೋಡಿ ಹಾಕಿ."

ಲಿಯೊಕೇಡಿಯಾ ಎರಡು ತುಂಡನ್ನು ಚಿಮುಟದಲ್ಲಿ ಹಿಡಿದೆತ್ತಿದಳು. ತಟ್ಟೆಗೆ ಇಳಿಸಲಿಲ್ಲ.

"ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ, ಫಾದರ್."

"ತಮಾಷೆ ಬೇಡಮ್ಮ, ಹಸಿವು."

"ಬಡಿಸ್ತೀನಿ. ನನ್ನ ಹೆಸರು ಹಿಡಿದು ಕೇಳಿ."

ಫಾದರ್ ನಕ್ಕರು. ಆಮೇಲೆ ಅವಳ ಮುಖ ನೋಡಿದರು. ಏಪ್ರನ್ನಿನ ಮೇಲೆ ಎಲ್ಲಾದರೂ ಬರೆದಿದೆಯೇನೋ ಎಂದು ಹುಡುಕಿದರು. ಯಾರಾದರೂ ಹೇಳಿಕೊಟ್ಟಾರೇನೋ ಎಂದು ಹಿಂದಕ್ಕೆ ತಿರುಗಿದರು. ಅವರ ಬೆನ್ನ ಹಿಂದೆ ಇಡೀ ಊರು ತಟ್ಟೆ ಹಿಡಿದು ನಿಂತಿತ್ತು.

ಚಿಮುಟದಲ್ಲಿದ್ದ ಮೀನು ಆರುತ್ತಿತ್ತು.