ಎರಡು ಚುಕ್ಕೆ ಅಳಿಸಿದ ಪುಟ

“ಒಂದು ಪಿನ್ ಮುರಿದಿದೆ, ಅಕ್ಕಾ,” ಎಂದ ರಿಪೇರಿಯವನು, ಭೂತಗನ್ನಡಿಯಿಂದ ಕಣ್ಣು ತೆಗೆಯದೆ. ಕಣ್ಣು ಕಾಣದ ಅಕ್ಕನಿಗೆ ಪುಸ್ತಕ ಓದಿ ಹೇಳುವ ಕಂಪ್ಯೂಟರಿನ ಪ್ರೊಸೆಸರ್ ಅದು. ಅಂಥದ್ದು ಈಗ ಎಲ್ಲೂ ಸಿಗದು. ಉಬ್ಬು ಚುಕ್ಕೆಗಳ ಬ್ರೈಲ್ ಕರಡು ತಿದ್ದಿ ಪಳಗಿದ ಬೆರಳನ್ನು ಅವಳು ಸಾವಿರ ಪಿನ್ನುಗಳ ಮೇಲೆ ಉಸಿರಿನಷ್ಟು ಹಗುರಾಗಿ ಆಡಿಸಿದಳು.

“ಎರಡು. ಇನ್ನೊಂದು ಈ ಮೂಲೇಲಿ. ನಿಮ್ಮ ಭೂತಗನ್ನಡಿಗೂ ಒಂದು ಕನ್ನಡಕ ಕೊಡಿಸಿ.”

ಅವನು ಬೆಪ್ಪಾಗಿ ಪಿನ್ನುಗಳ ನಕ್ಷೆ ತೆರೆದು ನೋಡಿದ. “ನಿಮ್ಮ ಪುಣ್ಯ. ಎರಡೂ ಅರ್ಥಿಂಗಿನವು, ಅದೇ ಕೆಲಸಕ್ಕೆ ಇನ್ನೂ ನೂರಾರಿವೆ. ಆದ್ರೂ ನಂಬೋದು ಹೇಗೆ?”

“ಎರಡು ಚುಕ್ಕೆ ಅಳಿಸಿದ್ರೆ ನಾನೇನು ಪುಟ ಓದದೆ ಬಿಡ್ತೀನಾ? ಹಾಕಿ.”

ಹಾಕಿದ. ಕಂಪ್ಯೂಟರ್ ಒಂದು ಅಧ್ಯಾಯ ಓದಿತು, ಎರಡು, ಮೂರು, ಎಲ್ಲೂ ತಡವರಿಸಲಿಲ್ಲ. ರಿಪೇರಿಯವನಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ, ಅವಳು ಮೇಜಿನ ಮೇಲಿಟ್ಟಿದ್ದ ಬ್ರೈಲ್ ಕರಡಿನ ಹಾಳೆಯ ಮೇಲೆ ಬೆರಳಿಟ್ಟು, ಮೊದಲ ಅಕ್ಷರ ಎಲ್ಲಿದೆಯೆಂದು ತಡಕಾಡುತ್ತಿದ್ದ.