ಬೆಲ್ಟು ಯಾವ ಹೆಗಲಿಗೆ?

“ಕಾರಲ್ಲಿ ಯಾವ ಕಡೆ ಕೂರ್ತೀರಿ?” ಎಂದು ಡಾಕ್ಟರು ಕೇಳಿದ್ದೇ ತಡ, ಹೆಂಡತಿ “ಬಲಕ್ಕೆ” ಎಂದಳು, ಗಂಡ “ಎಡಕ್ಕೆ” ಎಂದ. ಎರಡೂ ಉತ್ತರ ಒಟ್ಟಿಗೇ ಬಂದವು. ಗುರುತು ಹಾಕುವ ಪೆನ್ನು ಹಿಡಿದಿದ್ದ ಡಾಕ್ಟರು ಅವಳ ಎರಡು ಹೆಗಲನ್ನೂ ಒಮ್ಮೆ ನೋಡಿ ಪೆನ್ನಿನ ಮುಚ್ಚಳ ಹಾಕಿದರು.

ಕರುಳಿನ ಕ್ಯಾನ್ಸರ್. ತಿಂಗಳುಗಟ್ಟಲೆ ರಕ್ತನಾಳಕ್ಕೆ ಔಷಧಿ ಏರಿಸಬೇಕು. ಮೊದಲ ಸಲಕ್ಕೇ ಕೈಯ ನರ ಉರಿದು ಕೆಂಪಗೆ ಗೆರೆ ಎದ್ದಿತ್ತು. ಅದಕ್ಕೇ ಈ ಪೋರ್ಟ್: ಕೊರಳಿನ ಎಲುಬಿನ ಕೆಳಗೆ, ಚರ್ಮದ ಒಳಗೆ, ನಾಣ್ಯದಷ್ಟಗಲದ ಒಂದು ಪುಟ್ಟ ಡಬ್ಬಿ. ಅಲ್ಲಿಂದ ಹೊರಟ ಸಣ್ಣ ನಳಿಕೆ ಹೃದಯದ ಹತ್ತಿರದ ದೊಡ್ಡ ರಕ್ತನಾಳ ಸೇರುತ್ತದೆ. ಇನ್ನು ಮೇಲೆ ಸೂಜಿ ಡಬ್ಬಿಗೆ, ಕೈಗಲ್ಲ. ಕಾರಿನ ಬೆಲ್ಟು ದಿನಾ ಅದನ್ನು ಉಜ್ಜಬಾರದು, ಅಷ್ಟೇ.

“ಎಡಕ್ಕೆ ಹಾಕ್ಬಿಡಿ ಡಾಕ್ಟ್ರೇ. ಮನೆ ಕಾರು ಓಡಿಸೋಳು ನಾನು. ಬೆಲ್ಟು ಬಲ ಹೆಗಲಿಗೆ ಬರುತ್ತೆ.”

“ಹಾಕಬಹುದು. ಆದ್ರೆ ಬಲಗಡೆ ದಾರಿ ನೇರ, ನಳಿಕೆ ಸಲೀಸಾಗಿ ಇಳಿಯುತ್ತೆ. ಎಡಗಡೆ ತಿರುವು ಜಾಸ್ತಿ. ನನ್ನ ಕೇಳಿದ್ರೆ ಬಲಗಡೇನೇ.”

ನೇರ ದಾರಿ ಇರುವಾಗ ತಿರುವಿಗೆ ಯಾಕ್ರೀ ಹೋಗ್ತೀರಿ ಎಂದು ದಿನಾ ಕಿರುಚುವವಳೇ ಅವಳು. ಡ್ರೈವಿಂಗ್ ಸ್ಕೂಲು ಅವಳದೇ. ಅರ್ಧ ಊರು ಅವಳ ಹೆದರಿಕೆಗೇ ಗೇರು ಹಾಕುವುದನ್ನು ಕಲಿತಿತ್ತು. ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ. ಇವಳು ಮಾರೆಲ್ಲ ಗೆದ್ದು ಮನೆಯಲ್ಲಿ ಸೋತಿದ್ದಳು. ಗಂಡನದು ಕನ್ನಡಕದ ಅಂಗಡಿ. ಊರಿನ ಕಣ್ಣೆಲ್ಲ ಪರೀಕ್ಷೆ ಮಾಡುವ ಈ ಮಹಾನುಭಾವ, ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಸಾಕು, ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವನು ಕಾಂಪೌಂಡ್ ಗೋಡೆ ಬೀಳಿಸಿದ ದಿನ ಅವಳ ಪಾಠ ನಿಂತಿತ್ತು. ಆ ಬಲಗಡೆ ಸೀಟು ಬಿಟ್ಟುಕೊಟ್ಟರೆ ತಾನು ರೋಗಿ ಎಂದು ಒಪ್ಪಿಕೊಂಡ ಹಾಗೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಅದನ್ನು ಒಪ್ಪಲು ಅವಳು ತಯಾರಿರಲಿಲ್ಲ.

“ಅದು ಒಳಗೇ ಜಾರಿ ಎಲ್ಲಾದ್ರೂ ಹೋಗ್ಬಿಟ್ರೆ?” ಗಂಡ ಕೇಳಿದ.

“ಅಪರೂಪ. ನನಗೆ ಭಯ ಇರೋದು ಸೋಂಕಿಂದು. ಜ್ವರ ಬಂದ್ರೆ, ಡಬ್ಬಿ ಮೇಲೆ ಕೆಂಪಾದ್ರೆ, ನಾಳೆ ನೋಡೋಣ ಅಂತ ಕೂರಬೇಡಿ. ಆಗಿಂದಾಗ್ಲೇ ಬಂದುಬಿಡಿ.”

“ಕೇಳಿಸ್ಕೊಂಡ್ಯಾ? ಜ್ವರ ಬಂದೋಳೇ ಕಾರು ಓಡಿಸ್ಕೊಂಡು ಬರ್ತೀಯಾ?”

“ಮತ್ತೆ ನೀವು ಓಡಿಸ್ತೀರಾ?”

ಗಂಡ ಜೇಬಿನಿಂದ ಹೊಸ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಎಲ್ರೀ ಕಲಿತ್ರಿ?”

“ನಿನ್ನ ಗಡ್ಡೆ ವಿಷ್ಯ ಗೊತ್ತಾದ ಮೇಲೆ… ಎದುರು ರಸ್ತೆ ಸ್ಕೂಲಲ್ಲಿ.”

“ಆ ಕ್ಲಚ್ ಸುಡೋನ ಹತ್ರಾನಾ!” ಕ್ಯಾನ್ಸರ್ ಸುದ್ದಿ ಕೇಳಿದ ದಿನವೂ ಅವಳ ಮುಖ ಅಷ್ಟು ಕೆಂಪಾಗಿರಲಿಲ್ಲ. “ಕಟ್ಕೊಂಡ ಹೆಂಡ್ತಿ ಇಲ್ಲಿ ಸ್ಕೂಲು ಇಟ್ಕೊಂಡಿರುವಾಗ?”

“ಹಿತ್ತಲ ಗಿಡ ಮದ್ದಲ್ಲ ಕಣೇ. ಅವನು ಬಯ್ಯೋದಿಲ್ಲ,” ಎಂದ ಗಂಡ, ತಲೆ ತಗ್ಗಿಸಿಕೊಂಡು. “ಸ್ಕೂಲ್ ಕಾರಲ್ಲಿ ದಿನವಿಡೀ ಎಡಗಡೇನೇ ಕೂರ್ತೀಯಲ್ಲ. ನಮ್ಮ ಕಾರಲ್ಲೂ ಹಾಗೇ ಅಂದ್ಕೋ. ಇನ್ನೊಬ್ಬ ದಡ್ಡ ವಿದ್ಯಾರ್ಥಿ ಸೇರಿದಾನೆ ಅಂತ.”

ಡಾಕ್ಟರು ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ಅವಳು ಲೈಸೆನ್ಸಿನಲ್ಲಿದ್ದ ಗಂಡನ ಫೋಟೋವನ್ನು ಇನ್ನೊಮ್ಮೆ ನೋಡಿದಳು. ಹೆದರಿದ ಕಣ್ಣು, ಆದರೆ ತೆರೆದೇ ಇತ್ತು.

“ಬಲಕ್ಕೇ ಹಾಕಿ ಡಾಕ್ಟ್ರೇ,” ಎಂದಳು.

ಗಾಯ ಮಾಗಿತು. ಪೋರ್ಟಿನಿಂದ ಮೊದಲ ಸಲ ಔಷಧಿ ಏರಿಸುವ ದಿನ ಅವಳು ಎಡಗಡೆ ಕೂತು ಬೆಲ್ಟನ್ನು ಎಡ ಹೆಗಲಿಗೆ ಎಳೆದುಕೊಂಡಳು. ಅಭ್ಯಾಸಬಲದಿಂದ ಕಾಲು ಬ್ರೇಕ್ ಹುಡುಕಿತು. ಮನೆ ಕಾರಿನಲ್ಲಿ ಆ ಕಡೆ ಏನೂ ಇರುವುದಿಲ್ಲ ಎಂದು ಗೊತ್ತಿತ್ತು. ಆದರೆ ಕಾಲಿಗೆ ಪೆಡಲು ಸಿಕ್ಕಿತು.

“ಏನ್ರೀ ಇದು?”

“ನಿನ್ನ ಸ್ಕೂಲ್ ಕಾರಲ್ಲಿ ಇರೋ ಥರದ್ದೇ. ನಿನ್ನ ಮೆಕ್ಯಾನಿಕ್ಕೇ ಹಾಕಿಕೊಟ್ಟ. ನಿನ್ನ ಧೈರ್ಯಕ್ಕೆ ಇರ್ಲಿ ಅಂತ.”

ಅವಳು ಪೆಡಲನ್ನು ಒಮ್ಮೆ ಒತ್ತಿ ನೋಡಿದಳು. “ಕೆಳಗೇನು ನೋಡ್ತೀರಿ? ರಸ್ತೆ ನೋಡಿ,” ಎಂದು ಗದರಿಸಿದಳು. ಆಸ್ಪತ್ರೆ ಮುಟ್ಟುವವರೆಗೆ ತಿರುವಿಗೊಮ್ಮೆ ಪೆಡಲು ಒತ್ತಿ, ಗಂಡನನ್ನು ಕುಲುಕಿ ಕುಲುಕಿ ಹಣ್ಣು ಮಾಡಿದಳು.

ಹಿಂತಿರುಗುವಾಗ ಸಿಗ್ನಲ್ಲು ಕೆಂಪಾಯಿತು. ಗಂಡ ಮೆತ್ತಗೆ ಬ್ರೇಕ್ ಹಾಕಿ, ಗೆರೆಗಿಂತ ಹಿಂದೆಯೇ ನಿಲ್ಲಿಸಿ, ಶಭಾಷ್‌ಗಿರಿಗೆ ಪಕ್ಕಕ್ಕೆ ತಿರುಗಿದ. ಟೀಚರಮ್ಮ ಚಪ್ಪಲಿ ಬಿಚ್ಚಿ, ಎರಡೂ ಕಾಲು ಸೀಟಿನ ಮೇಲೆ ಮಡಚಿಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಇಷ್ಟು ವರ್ಷದಲ್ಲಿ ಕಲಿಯುವವರ ಪಕ್ಕ ಅವಳು ಕಣ್ಣು ಮುಚ್ಚಿದ್ದೇ ಇಲ್ಲ.

ಹಸಿರು ಬಿತ್ತು. ಹಿಂದಿನಿಂದ ಲಾರಿಯೊಂದು ಜೋರಾಗಿ ಹಾರ್ನ್ ಹೊಡೆಯಿತು. ಗಂಡ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಣ್ಣು ಅಗಲಿಸಿ ಆ ಲಾರಿಯನ್ನೇ ದಿಟ್ಟಿಸುತ್ತ, ತುಟಿಯ ಮೇಲೆ ಬೆರಳಿಟ್ಟ.