ಅಳಿಸಿದ ಉತ್ತರ

ನೆರೆ ಎಲ್ಲಿಯವರೆಗೆ ಬರುತ್ತದೆಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ‘ಮಾಡೆಲ್’ ಬರೆದವರು ಸಂಸ್ಥೆಯ ನಿರ್ದೇಶಕ ಡಾ. ಇನಾಮದಾರರು. ಅದನ್ನೂ ನದಿಯ ಅಂಕಿಅಂಶಗಳನ್ನೂ, ನಲವತ್ತು ಕೇಂದ್ರಗಳ ಕಂಪ್ಯೂಟರ್‌ಗಳು ಕೆಲಸ ಹಂಚಿಕೊಂಡು ದುಡಿಯುವ ಹೊಸ ಜಾಲಕ್ಕೆ ಸಾಗಿಸಿದವಳು ಎಂಜಿನಿಯರ್ ತಬಸ್ಸುಮ್.

ಸಭೆಯಲ್ಲಿ ಅವಳು ಹೇಳಿದಳು: “ಸರ್, ನಮ್ಮ ಹಳೇ ಕಂಪ್ಯೂಟರ್ ಹೊಳೆದಂಡೆಯ ಊರಿಗೆ ಅಪಾಯ ಇಲ್ಲ ಅಂತಿದೆ. ಜಾಲದಲ್ಲಿ ಮಾತ್ರ ಅದೇ ನಿಮ್ಮ ಮಾಡೆಲ್ ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕಿ, ಇವತ್ತೇ ಊರು ಮುಳುಗುತ್ತೆ ಅಂತಿದೆ.”

“ನಲವತ್ತು ಕತ್ತೆ ಒಟ್ಟಿಗೆ ಅರಚಿದರೆ ಸಂಗೀತ ಆಗತ್ತೇನಮ್ಮ?”

ಸಭೆಯೆಲ್ಲ ನಕ್ಕಿತು.

“ಆ ಉತ್ತರ ಅಳಿಸು. ನನ್ನ ಮಾಡೆಲ್ಲಿನ ಹೆಸರು ಕೆಡಿಸಬೇಡ.”

ಅವಳು ಎಲ್ಲರೆದುರೇ ಅಳಿಸಿದಳು.

“ಹೋಯ್ತಾ?”

“ಇಲ್ಲಿಂದ ಹೋಯ್ತು ಸರ್. ಉಳಿದ ಮೂವತ್ತೊಂಬತ್ತು ಕೇಂದ್ರದವರು ನಿನ್ನೆಯೇ ಓದಿಬಿಟ್ಟಿದ್ದಾರೆ.”

ಇನಾಮದಾರರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಆ ಊರಿನ ತಹಶೀಲ್ದಾರರು ಏದುಸಿರು ಬಿಡುತ್ತಿದ್ದರು.

“ಡಾಕ್ಟ್ರೇ, ನಮ್ಮ ಕಡೆಯ ಕೇಂದ್ರದವರು ತೋರಿಸಿದ ನಿಮ್ಮ ಲೆಕ್ಕ ನೋಡಿ ನಿನ್ನೆ ಸಂಜೆಯೇ ಊರು ಖಾಲಿ ಮಾಡಿಸಿದ್ವಿ. ಈಗ ಮನೆಗಳೊಳಗೆ ಎದೆಮಟ್ಟ ನೀರು. ಒಂದು ಜೀವವೂ ಹೋಗಲಿಲ್ರಿ!”

ಇನಾಮದಾರರು ತಬಸ್ಸುಮಳತ್ತ ಬೆನ್ನು ತಿರುಗಿಸಿ, ಎಲ್ಲರಿಗೂ ಕೇಳುವಂತೆ ದನಿ ಏರಿಸಿದರು.

“ನನ್ನ ಮಾಡೆಲ್ ಎಂದಾದರೂ ಸುಳ್ಳು ಹೇಳಿದ್ದುಂಟೇನ್ರಿ?”